ದೆವ್ವಕ್ಕೆ ಕಪ್ಪು ಹಿನ್ನೆಲೆಯೇ ಬೇಕು

ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಇರುವುದೊಂದು ಹಳೇ ಕ್ಯಾಮೆರಾ. ಟೆಕ್ಮೊ ಕಂಪನಿ 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ತಂದ ‘ಫೇಟಲ್ ಫ್ರೇಮ್ 2: ಕ್ರಿಮ್ಸನ್ ಬಟರ್‌ಫ್ಲೈ’ ಆಟದಲ್ಲಿ ಮಿಯೊ, ಮಾಯು ಎಂಬ ಅವಳಿ ಹುಡುಗಿಯರು ಜಪಾನಿನ ಶಾಪಗ್ರಸ್ತ ಹಳ್ಳಿ ಮಿನಾಕಾಮಿಯಲ್ಲಿ ಸಿಕ್ಕಿಬೀಳುತ್ತಾರೆ. ದೆವ್ವ ಎದುರಾದರೆ ವ್ಯೂಫೈಂಡರಿಗೆ ಕಣ್ಣಿಟ್ಟು ಅದರ ಮುಖವನ್ನೇ ದಿಟ್ಟಿಸುತ್ತ ನಿಲ್ಲಬೇಕು. ನಡುವಿನ ವೃತ್ತದೊಳಗೆ ಹಿಡಿದಿಟ್ಟಷ್ಟು ಹೊತ್ತೂ ಕ್ಯಾಮೆರಾದ ಶಕ್ತಿ ತುಂಬುತ್ತ ಹೋಗುತ್ತದೆ. ಫೋಟೋ ತೆಗೆದರೆ ಅದೇ ದೆವ್ವಕ್ಕೆ ಏಟು, ಅದು ಹತ್ತಿರ ಬಂದಷ್ಟೂ ಏಟು ಜೋರು. ಅದು ಎರಗುವ ಕ್ಷಣಕ್ಕೆ ಸರಿಯಾಗಿ ಶಟರ್ ಒತ್ತಿದರೆ ಎಲ್ಲಕ್ಕಿಂತ ದೊಡ್ಡ ಏಟು. ಟೈಪ್ 07 ಫಿಲ್ಮ್ ಮುಗಿಯುವುದಿಲ್ಲ, ಆದರೆ ದುರ್ಬಲ. ಟೈಪ್ 90 ಬಲವಾದದ್ದು, ಸಿಗುವುದು ಕಡಿಮೆ. ಹೊಸಬರು ಗಾಬರಿಯಲ್ಲಿ ಅದನ್ನೇ ದೂರದ ದೆವ್ವಕ್ಕೆ ಸುರಿದು, ಕೊನೆಯ ಮನೆಗಳಲ್ಲಿ ಬರಿಗೈಯಾಗುತ್ತಾರೆ.

ಈ ಸರಣಿಯ ಮೊದಲ ಆಟವನ್ನು ಅಮೆರಿಕದಲ್ಲಿ ‘ನಿಜ ಘಟನೆ ಆಧರಿಸಿದ್ದು’ ಎಂದು ಬರೆದೇ ಮಾರಿದರು. ಮಿನಾಕಾಮಿ ಹಳ್ಳಿಯಂತೂ ಪೂರಾ ಕಟ್ಟುಕತೆ. ನಿಜ ಬೇಕಿದ್ದರೆ ಬೇರೆ ಕಡೆ ಹುಡುಕಬೇಕು. ಆಟದಲ್ಲಿ ಆ ಹಳ್ಳಿಯವರು ಕೊಡುವ ಅವಳಿಗಳ ಬಲಿಯಲ್ಲಿ ಅಕ್ಕನೇ ತಂಗಿಯ ಕತ್ತು ಹಿಸುಕಬೇಕು. ಆದರೆ ಮೊದಲು ಹುಟ್ಟಿದವಳೇ ಅಲ್ಲಿ ತಂಗಿ! ಇದು ಆಟದವರ ಕಲ್ಪನೆಯಲ್ಲ. ನಂತರ ಹುಟ್ಟಿದ ಅವಳಿಯನ್ನು ಹಿರಿಯರೆಂದು ಎಣಿಸುವ ರೂಢಿ ಜಪಾನಿನಲ್ಲಿ ಇತ್ತು. ಮೊದಲು ಹುಟ್ಟಿದ್ದೇ ಹಿರಿಯ ಮಗು ಎಂದು ಮೆಯ್ಜಿ ಸರ್ಕಾರ 1874ರಲ್ಲಿ ಆದೇಶ ಹೊರಡಿಸಿ ಇತ್ಯರ್ಥ ಮಾಡಬೇಕಾಯಿತು.

ಇನ್ನು ಕ್ಯಾಮೆರಾ. ಆಟದಲ್ಲಿ ಅದರ ಹೆಸರು ಕ್ಯಾಮೆರಾ ಅಬ್ಸ್‌ಕ್ಯುರಾ, ಅಂದರೆ ಕತ್ತಲ ಕೋಣೆ. ಅದು ಹೇಗಿರುತ್ತದೆಂದು ನೋಡಲು ಜಪಾನಿಗೆ ಹೋಗಬೇಕಿಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಸಣ್ಣ ಕಿಂಡಿಯಿಂದ ನುಗ್ಗುವ ಬೆಳಕು ರಾಜಗೋಪುರವನ್ನು ಕತ್ತಲ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಗೋಪುರದ ತುದಿಯಿಂದ ಕೆಳಮುಖವಾಗಿ ಬಂದ ಕಿರಣ ಕಿಂಡಿ ದಾಟಿ ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ ಬೀಳುತ್ತದೆ. ಇದರಲ್ಲಿ ಪವಾಡವಿಲ್ಲ. ಬೆಳಕು ನೇರವಾಗಿ ಹೋಗುತ್ತದೆ, ಅಷ್ಟೇ.

ಆ ಗೋಡೆಯ ಜಾಗದಲ್ಲಿ ಫಿಲ್ಮ್ ಇಟ್ಟರೆ ದೆವ್ವದ ಗುಟ್ಟು ಬಯಲಾಗುತ್ತದೆ. ಫಿಲ್ಮನ್ನು ಮಳೆಗಾಲದ ಅಂಗಳದಲ್ಲಿ ಸಾಲಾಗಿ ಇಟ್ಟ ಸಾವಿರಾರು ಬಟ್ಟಲು ಅಂದುಕೊಳ್ಳಿ. ಬೆಳಕೇ ಮಳೆ. ಬಟ್ಟಲಿಗೆ ಹನಿ ಬೀಳುತ್ತದೆ. ಬಿದ್ದ ಹನಿ ಹೊರಗೆ ಹೋಗುವುದಿಲ್ಲ. ಯಾವ ಹನಿ ಯಾವಾಗ ಬಿತ್ತು ಎಂಬ ಲೆಕ್ಕವೂ ಬಟ್ಟಲಿಗಿಲ್ಲ. ಶಟರ್, ಅಂದರೆ ಬೆಳಕನ್ನು ಒಳಬಿಡುವ ಪರದೆ, 10 ಸೆಕೆಂಡ್ ತೆರೆದಿದೆ ಎನ್ನಿ. ಕತ್ತಲ ಬಾಗಿಲಿನಿಂದ ಸೆಕೆಂಡಿಗೆ 1 ಹನಿ, ಮನುಷ್ಯನ ಮುಖದಿಂದ 20, ಬಿಳಿ ಗೋಡೆಯಿಂದ 40. ಬಾಗಿಲ ಮುಂದೆ ಒಬ್ಬ 2 ಸೆಕೆಂಡ್ ನಿಂತು ಹೋದ. ಅವನಿದ್ದ ಬಟ್ಟಲಿನಲ್ಲಿ ಅವನ 40, ಬಾಗಿಲಿನ 8, ಒಟ್ಟು 48 ಹನಿ. ಪಕ್ಕದ ಬಟ್ಟಲಿನಲ್ಲಿ ಬರೀ 10. ಸುತ್ತಲಿಗಿಂತ ಸುಮಾರು ಐದು ಪಟ್ಟು ಬೆಳಗುವ, ಹಿಂದಿನ ಬಾಗಿಲೂ ಹಾದು ಕಾಣುವ ಮುಖ ತಯಾರು! ಅದೇ ಮನುಷ್ಯ ಬಿಳಿ ಗೋಡೆಯ ಮುಂದೆ ನಿಂತಿದ್ದರೆ ಅವನ ಬಟ್ಟಲಿನಲ್ಲಿ 360, ಪಕ್ಕದ್ದರಲ್ಲಿ 400. ಹತ್ತರಲ್ಲಿ ಒಂದು ಪಾಲು ವ್ಯತ್ಯಾಸ, ಕಣ್ಣಿಗೆ ಹತ್ತುವುದೇ ಕಷ್ಟ. ಬಿಳಿ ನೆಲದ ಮೇಲೆ ಬಿಳಿ ರಂಗೋಲಿ ಎಳೆದ ಹಾಗೆ. ಹಳೆಯ ದೆವ್ವದ ಫೋಟೋಗಳನ್ನು ತೆಗೆದು ನೋಡಿ: ಮುಖ ಮೂಡಿರುವುದು ಪೊದೆಯಲ್ಲಿ, ತೆರೆದ ಬಾಗಿಲಲ್ಲಿ, ಯಾರದೋ ಕಪ್ಪು ಕೋಟಿನ ಮೇಲೆ. ಖಾಲಿ ಬಟ್ಟಲು ಇರುವುದು ಅಲ್ಲೇ.

ಇಂಥ ಫೋಟೋಗಳನ್ನು ಸತ್ತವರ ಆತ್ಮವೆಂದು ಮಾರಿ ದುಡ್ಡು ಮಾಡಿಕೊಂಡವನು ಬಾಸ್ಟನ್ನಿನ ಕೆತ್ತನೆಗಾರ ವಿಲಿಯಂ ಮಮ್ಲರ್. 1860ರ ದಶಕದ ಫೋಟೋ ಪ್ಲೇಟ್ ಎಂದರೆ ಗಾಜು. ಅದಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಗಾಜು ದುಬಾರಿಯಾದ್ದರಿಂದ ಹಳೆಯ ಚಿತ್ರ ಕೆರೆದು ಮತ್ತೆ ಬಳಸುತ್ತಿದ್ದರು. ಸರಿಯಾಗಿ ಉಜ್ಜದಿದ್ದರೆ ಅಳಿದುಳಿದ ಬೆಳ್ಳಿಯ ಮೇಲೆ ಹಳೆಯ ಗಿರಾಕಿಯ ಮುಖ ಮಸುಕಾಗಿ ಮತ್ತೆ ಏಳುತ್ತಿತ್ತು. 1869ರಲ್ಲಿ ನ್ಯೂಯಾರ್ಕಿನಲ್ಲಿ ಮಮ್ಲರನ ಮೇಲೆ ವಂಚನೆಯ ಮೊಕದ್ದಮೆ ನಡೆಯಿತು. ಸಾಕ್ಷ್ಯ ಸಾಲದೆ ಬಿಡುಗಡೆಯಾದ. ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳಿದ್ದ ಕಾಲ ಅದು. ಅಂಥವರ ದುಃಖದ ಮೇಲೆ ಇಂಥ ಅಂಗಡಿ ನಡೆಯಿತು ಎನ್ನುವುದು ಇವತ್ತಿಗೂ ಸಂಕಟ ತರುತ್ತದೆ.

ಜಪಾನಿನ ಕತೆ ಇನ್ನೂ ನೋವಿನದು. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಫುಕುರಾಯ್ ತೊಮೊಕಿಚಿ 1910ರಲ್ಲಿ ಮಿಫುನೆ ಚಿಝುಕೊ ಎಂಬಾಕೆಯ ‘ದಿವ್ಯದೃಷ್ಟಿ’ಯನ್ನು ಪರೀಕ್ಷಿಸಿದ. ಮೋಸ ಎಂಬ ಮಾತು ಎದ್ದಿತು. 1911ರ ಜನವರಿಯಲ್ಲಿ ಆಕೆ ಪ್ರಾಣ ಕಳೆದುಕೊಂಡಳು. ಮನಸ್ಸಿನ ಬಲದಿಂದಲೇ ಪ್ಲೇಟಿನ ಮೇಲೆ ಅಕ್ಷರ ಮೂಡುತ್ತದೆ ಎಂದು ವಾದಿಸಿದ ಫುಕುರಾಯ್ ಕೊನೆಗೆ ಹುದ್ದೆಯನ್ನೂ ಕಳೆದುಕೊಂಡ. ಪ್ಲೇಟ್ ಸುತ್ತಿಟ್ಟ ಪೊಟ್ಟಣದ ಸಂದಿನಿಂದ ಚೂರು ಬೆಳಕು ಸೋರಿದರೂ ಪ್ಲೇಟ್ ಕಲೆಯಾಗುತ್ತದೆ ಎಂಬುದನ್ನು ಮೊದಲು ನೋಡಬೇಕಿತ್ತು.

ನಿಮ್ಮ ಮೊಬೈಲಿನಲ್ಲೇ ದೆವ್ವ ಮಾಡಬಹುದು. ಫೋನನ್ನು ಸ್ಟ್ಯಾಂಡಿಗೆ ಬಿಗಿದು, ಪ್ರೊ ಮೋಡ್‌ನಲ್ಲಿ ಐಎಸ್‌ಒ 100, ಶಟರ್ 10 ಸೆಕೆಂಡ್ ಇಡಿ. ಬೆರಳಿನ ಅಲುಗಾಟ ತಪ್ಪಿಸಲು 3 ಸೆಕೆಂಡಿನ ಟೈಮರ್ ಹಾಕಿ. ರಾತ್ರಿ ಒಂದೇ ಮಂದ ದೀಪ ಸಾಕು. ತಿಳಿ ಬಣ್ಣದ ಬಟ್ಟೆ ತೊಟ್ಟವರು ಕತ್ತಲ ಬಾಗಿಲ ಮುಂದೆ 3 ಸೆಕೆಂಡ್ ಅಲುಗದೆ ನಿಂತು, ಸರಕ್ಕನೆ ಪಕ್ಕಕ್ಕೆ ಸರಿಯಲಿ. ಚಿತ್ರ ಪೂರ್ತಿ ಬೆಳ್ಳಗಾದರೆ ಬಟ್ಟಲುಗಳು ತುಂಬಿ ಚೆಲ್ಲಿವೆ: ದೀಪವನ್ನು ದೂರ ಇಡಿ ಅಥವಾ ಶಟರ್ 5 ಸೆಕೆಂಡಿಗೆ ಇಳಿಸಿ. ಮೂಗು ಎರಡಾದರೆ ನಿಂತವರು ಅಲುಗಿದ್ದಾರೆ. ಬೆಳಕಿನ ಗೆರೆಯೊಂದು ಅಡ್ಡ ಹಾದಿದ್ದರೆ ಹೊರಡುವಾಗ ಕೈಯಲ್ಲಿ ಮೊಬೈಲ್ ಹೊಳೆಯುತ್ತಿತ್ತು. ಫ್ಲ್ಯಾಶ್ ಬೇಡವೇ ಬೇಡ. ಲೆನ್ಸಿನ ಹತ್ತಿರದ ಧೂಳಿನ ಕಣಕ್ಕೆ ಅದು ಬಡಿದರೆ ಮಸುಕಾದ ಬೆಳ್ಳನೆ ಗೋಲಗಳು ತೇಲುತ್ತವೆ, ಅವನ್ನೂ ಜನ ಆತ್ಮಗಳೆಂದು ಹಂಚಿಕೊಳ್ಳುತ್ತಾರೆ. ನೈಟ್ ಮೋಡ್ ಕೂಡ ಆಫ್ ಮಾಡಿ. ಅದು ಹಲವು ಚಿಕ್ಕ ಫೋಟೋಗಳನ್ನು ಒಂದರ ಮೇಲೊಂದು ಹೊಂದಿಸಿ, ಒಂದರಲ್ಲಿದ್ದು ಮತ್ತೊಂದರಲ್ಲಿ ಇಲ್ಲದ್ದನ್ನು ತಪ್ಪೆಂದು ಎಣಿಸಿ ಒರೆಸಿಹಾಕುತ್ತದೆ. ಮೂರು ಸೆಕೆಂಡ್ ನಿಂತುಹೋದವರ ಗುರುತೇ ಉಳಿಯದೆ ಹೋಗಬಹುದು.