ಬಿಟ್ಟ ಕೆಲಸದ ಬೆಲೆ

ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರರ ಲೆಕ್ಕಪತ್ರ ನೋಡಿಕೊಡುವ ನನಗೆ, ಕೊಯ್ಲು ಮುಗಿದು ಖರ್ಚಿನ ಪಟ್ಟಿ ಬರೆಯಲು ಕುಳಿತಾಗಲೆಲ್ಲ ಕೇಳಿಬರುವ ಮಾತೊಂದಿದೆ: “ಸುಲಿದದ್ದು ನಾವೇ, ಅದಕ್ಕೆ ಖರ್ಚು ಬರೆಯಬೇಡಿ.” ಗೊಬ್ಬರ, ಮೈಲುತುತ್ತ, ಅಡಿಕೆ ಗೊನೆ ಇಳಿಸಿದವರ ಕೂಲಿ ಎಲ್ಲವನ್ನೂ ಪೈಸೆ ಬಿಡದೆ ಹೇಳುವವರು ತಮ್ಮ ದಿನಗಳನ್ನು ಮಾತ್ರ ಸೊನ್ನೆಯೆಂದು ಹಿಡಿಯುತ್ತಾರೆ. ಕೈಯಿಂದ ಹಣ ಹೋಗದ ಕಾರಣ ನಗದು ಪುಸ್ತಕಕ್ಕೆ ಅದು ಸರಿಯೇ. ಆದರೆ ಮುಂದಿನ ವರ್ಷ ಯಾವ ಕೆಲಸವನ್ನು ಯಾರು ಮಾಡಬೇಕೆಂದು ತೀರ್ಮಾನಿಸುವಾಗ ಅದೇ ಸೊನ್ನೆ ದಾರಿ ತಪ್ಪಿಸುತ್ತದೆ.

ಹೊಸನಗರದ ಕಡೆಯ ಭಟ್ಟರೊಬ್ಬರು ಮದುವೆ ಮನೆಗಳ ಅಡುಗೆಗೆ ಹೆಸರಾದವರು. ಅವರಿಗೆ ಎಕರೆಯಷ್ಟು ತೋಟವೂ ಇದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತರೆ ಊರಿನಲ್ಲಿ ಅವರನ್ನು ಮೀರಿಸುವವರಿಲ್ಲ. ಕೆಂಪಡಿಕೆಗೆ ಕೊಯ್ದ ಹಸಿಕಾಯಿಯನ್ನು ಬೇಗನೆ ಸುಲಿದು ಬೇಯಿಸಬೇಕು. ಆ ದಿನಗಳಲ್ಲೇ ಕಾರ್ತಿಕದ ಮದುವೆಗಳೂ ಬರುತ್ತವೆ. ಅವರು ಮದುವೆಗಳನ್ನು ಬಿಟ್ಟು ಅಡಿಕೆ ಸುಲಿಯುತ್ತಿದ್ದರು. ಏಕೆಂದು ಕೇಳಿದರೆ, “ನನ್ನಷ್ಟು ಚೆನ್ನಾಗಿ ಸುಲಿಯುವವರು ಯಾರಿದ್ದಾರೆ ಸರ್?” ಎನ್ನುತ್ತಿದ್ದರು.

ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಲೆಕ್ಕಕ್ಕೆಂದು ದುಂಡು ಅಂಕಿ ಇಟ್ಟುಕೊಳ್ಳೋಣ. ಭಟ್ಟರು ದಿನಕ್ಕೆ 10 ಡಬ್ಬ (ಸುಲಿದ ಅಡಿಕೆಯ ಅಳತೆ) ಸುಲಿಯುತ್ತಾರೆ, ಕೂಲಿಗೆ ಬರುವ ಹೆಂಗಸು 6 ಡಬ್ಬ ಸುಲಿಯುತ್ತಾರೆ, ಡಬ್ಬಕ್ಕೆ ಕೂಲಿ 100 ರೂಪಾಯಿ. ತಾವೇ ಸುಲಿದರೆ ಭಟ್ಟರಿಗೆ ಉಳಿಯುವುದು 1,000 ರೂಪಾಯಿ. ಆ ದಿನ ಮದುವೆಯ ಅಡುಗೆಗೆ ಹೋಗಿದ್ದರೆ 2,500 ರೂಪಾಯಿ ಬರುತ್ತಿತ್ತು. ಅಂದರೆ ಅವರು ಸುಲಿದ ಒಂದೊಂದು ಡಬ್ಬಕ್ಕೂ 250 ರೂಪಾಯಿಯ ಅಡುಗೆ ಕೆಲಸ ಕೈಬಿಟ್ಟುಹೋಗಿದೆ. ಇದನ್ನೇ ಅರ್ಥಶಾಸ್ತ್ರ ಅವಕಾಶ ವೆಚ್ಚ ಎನ್ನುತ್ತದೆ. ಆ ಹೆಂಗಸಿಗೆ ಬೇರೆ ಕಡೆ ದಿನಕ್ಕೆ 450 ರೂಪಾಯಿ ಸಿಗುವುದಾದರೆ, ಅವರ ಪಾಲಿಗೆ ಒಂದು ಡಬ್ಬದ ವೆಚ್ಚ 75 ರೂಪಾಯಿ ಮಾತ್ರ. ಕೈಚಳಕದಲ್ಲಿ ಭಟ್ಟರು ಮುಂದಿದ್ದರೂ ಸುಲಿತದ ವೆಚ್ಚ ಕಡಿಮೆ ಇರುವುದು ಆ ಹೆಂಗಸಿಗೆ, ಮತ್ತು ಕೆಲಸ ಹಂಚಿಕೊಂಡರೆ ಇಬ್ಬರಿಗೂ ಲಾಭವಿದೆ.

1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಎರಡು ದೇಶಗಳ ವ್ಯಾಪಾರಕ್ಕೆ ಹೇಳಿದ್ದೂ ಇದನ್ನೇ. ಅವನ ಉದಾಹರಣೆಯಲ್ಲಿ ನಿರ್ದಿಷ್ಟ ಪ್ರಮಾಣದ ಬಟ್ಟೆಗೆ ಪೋರ್ಚುಗಲ್ಲಿನಲ್ಲಿ ವರ್ಷಕ್ಕೆ 90 ಜನರ ದುಡಿಮೆ, ದ್ರಾಕ್ಷಾರಸಕ್ಕೆ 80 ಜನರ ದುಡಿಮೆ ಸಾಕು. ಇಂಗ್ಲೆಂಡಿಗೆ ಕ್ರಮವಾಗಿ 100 ಮತ್ತು 120 ಜನರು ಬೇಕು. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ 80 ಜನರ ದ್ರಾಕ್ಷಾರಸ ಕೊಟ್ಟು, ತಾನೇ ನೇಯ್ದರೆ 90 ಜನರನ್ನು ಬೇಡುವ ಬಟ್ಟೆಯನ್ನು ಇಂಗ್ಲೆಂಡಿನಿಂದ ಪಡೆಯುವುದು ಅದಕ್ಕೆ ಲಾಭವೇ.

ಇದನ್ನು ಕಣ್ಣುಮುಚ್ಚಿ ಅನ್ವಯಿಸಬಾರದೆಂದೂ ಹೇಳಬೇಕು. ಸುಲಿಯುವವರು ಸಿಗದ ಊರಿನಲ್ಲಿ ಆಯ್ಕೆಯೇ ಇರುವುದಿಲ್ಲ. ಅವಸರದ ಸುಲಿತದಲ್ಲಿ ಕಾಯಿಗೆ ಗಾಯವಾಗಿ ಮಂಡಿಯಲ್ಲಿ ದರ ಇಳಿದರೆ ಆ ನಷ್ಟವನ್ನೂ ಕೂಲಿಗೆ ಸೇರಿಸಬೇಕು. ರಾತ್ರಿ ಮನೆಮಂದಿ, ನೆರೆಯವರು ಒಟ್ಟಿಗೆ ಕುಳಿತು ಮಾತಾಡುತ್ತ ಸುಲಿಯುವ ಸಂತೋಷಕ್ಕೂ ಬೆಲೆಯಿದೆ. ಅದನ್ನು ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಇನ್ನು ಕೆಲವರು ಇದೇ ತರ್ಕ ಹಿಡಿದು ಗದ್ದೆಯನ್ನೆಲ್ಲ ತೋಟ ಮಾಡಲು ಹೊರಡುತ್ತಾರೆ. ಎಲೆಚುಕ್ಕಿ ರೋಗ ಕಂಡ ಮೇಲೂ ಒಂದೇ ಬೆಳೆಯನ್ನು ನಂಬುವ ಅಪಾಯವನ್ನು ಅವರು ಲೆಕ್ಕಕ್ಕೆ ತರುವುದಿಲ್ಲವಲ್ಲ ಎಂಬುದು ನನ್ನ ಚಿಂತೆ.

ಭಟ್ಟರು ಕೊನೆಗೆ ಪಂಚಾಂಗ ಹಿಡಿದುಕೊಂಡೇ ಬಂದರು. ಮದುವೆಗಳಿರುವ ದಿನಗಳಿಗೆ ಸುಲಿಯುವವರನ್ನು ಗೊತ್ತುಮಾಡಿದೆವು. ಮುಹೂರ್ತಗಳಿಲ್ಲದ ಧನುರ್ಮಾಸದ ಕೊಯ್ಲನ್ನು ಅವರೇ ಸುಲಿಯುವುದೆಂದಾಯಿತು. “ಹಾಗಾದರೆ ಧನುರ್ಮಾಸಕ್ಕಾದರೂ ಸೊನ್ನೆ ಬರೆಯಿರಿ ಸರ್” ಎಂದರು. ಆ ದಿನಗಳಲ್ಲಿ ಅವರು ಬೇರೇನು ಮಾಡಬಹುದಿತ್ತೆಂದು ಕೇಳಿದೆ. ತೋಟದ ಬಸಿಗಾಲುವೆ ಎತ್ತಿಸುವುದಿದೆ, ಅದಕ್ಕೆ ಆಳು ಹುಡುಕುತ್ತಿದ್ದೇನೆ ಎಂದರು. ಅವರ ಹೆಸರಿನ ಮುಂದೆ ಆ ಆಳಿನ ಕೂಲಿಯನ್ನು ಬರೆದೆ.