ಹಡಗು ನಿಂತ ದಿನದ ಲೆಕ್ಕ

ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಿಂದ ಬರುವ ಫೋನುಗಳಲ್ಲಿ ಈಚೆಗೆ ಒಂದು ಹೊಸ ಬಗೆ ಸೇರಿಕೊಂಡಿದೆ. ಮಗನೋ ಮಗಳೋ ಅಮೆರಿಕದಲ್ಲಿರುತ್ತಾರೆ. ಅಪ್ಪ–ಅಮ್ಮ ಏಪ್ರಿಲ್ ಹೊತ್ತಿಗೆ ಹೊರಡುತ್ತಾರೆ. ನಡುವೆ ಮಯಾಮಿಯಿಂದ ಒಂದು ವಾರದ ಕ್ರೂಸ್. ಹಡಗಿನೊಳಗಿನ ಊಟ–ವಸತಿಯನ್ನು ಮಕ್ಕಳು ನೋಡಿಕೊಳ್ಳುತ್ತಾರೆ. ನನ್ನನ್ನು ಕೇಳುವುದು ಹಡಗು ನಿಲ್ಲುವ ದ್ವೀಪಗಳಲ್ಲಿ ಏನು ಮಾಡಬೇಕೆಂದು. ಅಂಥ ಹಡಗುಗಳ ಪ್ರವಾಸ ವಿಭಾಗದಲ್ಲಿ ದುಡಿದು, ಈಗ ಕಾರವಾರದಲ್ಲಿ ಇದೇ ಕಸುಬು ಮಾಡುವ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಸಾಹಸ ಒಂದೇ ಇರಲಿ, ಅದು ಬೆಳಿಗ್ಗೆಯೇ ಆಗಲಿ, ಆಮೇಲಿನ ಆರಾಮ ಹಡಗಿಗೆ ಹತ್ತಿರದಲ್ಲೇ ಇರಲಿ.

‘ದುಡ್ಡು ಕೊಟ್ಟಾಜು, ಎಲ್ಲಾ ನೋಡ್ಕಂಡೇ ಬರವು ತಮಾ’ ಎಂದರು ಒಬ್ಬ ಹಿರಿಯರು. ಅವರ ಮಾತೂ ಸರಿಯೇ. ಆದರೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುವ ಹಡಗು ಎಂದಿಟ್ಟುಕೊಳ್ಳೋಣ. ಸಾವಿರಾರು ಜನ ಇಳಿಯುವಾಗ ನಿಮ್ಮ ಸರದಿ ಬರುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿರುತ್ತದೆ. ಹೊರಡುವ ಸಮಯಕ್ಕೆ ಅರ್ಧ ತಾಸು, ಕೆಲವೊಮ್ಮೆ ಒಂದು ತಾಸು ಮೊದಲೇ ಎಲ್ಲರೂ ಹತ್ತಿರಬೇಕು. ಕೈಗೆ ಸಿಗುವುದು ಏಳು ತಾಸು ಚಿಲ್ಲರೆ. ಮೆಕ್ಸಿಕೋದ ಕೊಝುಮೆಲ್ ದ್ವೀಪದಲ್ಲಿಳಿದು ತುಲುಮ್‌ನಲ್ಲಿರುವ, ಮಾಯಾ ಎಂಬ ಪ್ರಾಚೀನ ಜನಾಂಗದ ಅವಶೇಷ ನೋಡಲು ಹೊರಟರೆ ಮುಖ್ಯ ಭೂಮಿಗೆ ಮುಕ್ಕಾಲು ತಾಸಿನ ಫೆರ್ರಿ, ಅಲ್ಲಿಂದ ರಸ್ತೆಯಲ್ಲಿ ಸುಮಾರು ಒಂದು ತಾಸು, ತಿರುಗಿ ಬರುವಾಗ ಮತ್ತೆ ಅಷ್ಟೇ. ಸಮುದ್ರ ಕಾಣುವ ಕೋಟೆ ಚೆಂದವೇ, ನೋಡಲು ಸಿಗುವುದು ಮಾತ್ರ ಬಿಸಿಲಿನ ಒಂದೆರಡು ತಾಸು. ಮಾಯಾ ಜನರದ್ದೇನಾದರೂ ನೋಡಲೇಬೇಕೆಂದರೆ ಕೊಝುಮೆಲ್‌ನಲ್ಲೇ ಸಾನ್ ಹೆರ್ವಾಸಿಯೋ ಇದೆ. ಇಶ್ಚೆಲ್ ದೇವಿಗೆ ನಡೆದುಕೊಳ್ಳಲು ಜನ ದೋಣಿಯಲ್ಲಿ ಸಮುದ್ರ ದಾಟಿ ಬರುತ್ತಿದ್ದ ಸ್ಥಳ. ಸಣ್ಣದು, ಕಾಡಿನ ನಡುವೆ ಇದೆ, ಅರ್ಧ ದಿನದಲ್ಲಿ ಮುಗಿಯುತ್ತದೆ.

ಇನ್ನು ಗಡಿಯಾರ. ಕೊಝುಮೆಲ್ ಇರುವ ಕಿಂತಾನಾ ರೋ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಮಯಾಮಿಯಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟಿರುತ್ತಾರೆ. ಹಡಗು ಮಯಾಮಿಯ ಸಮಯದಲ್ಲೇ ನಡೆಯುತ್ತಿದ್ದರೆ, ನಮ್ಮವರು ಹೋಗುವ ಬೇಸಿಗೆಯಲ್ಲಿ ಹಡಗಿನ ನಾಲ್ಕು ಗಂಟೆ ಎಂದರೆ ದ್ವೀಪದ ಮೂರು. ಫೋನು ದಡದ ಸಿಗ್ನಲ್ ಸಿಕ್ಕ ಕೂಡಲೇ ತನ್ನಷ್ಟಕ್ಕೆ ಮೂರು ತೋರಿಸುತ್ತದೆ. ಇನ್ನೂ ಹೊತ್ತಿದೆ ಎಂದು ಇವರು ಎಳನೀರು ಕುಡಿಯುತ್ತ ಕೂರುತ್ತಾರೆ. ಹಾಗಾಗಿ ಕೈಗಡಿಯಾರ ಕಟ್ಟಿಕೊಂಡು ಹೋಗಿ, ಹಡಗಿನ ಸಮಯಕ್ಕೆ ಹೊಂದಿಸಿಕೊಳ್ಳಿ, ಮತ್ತೆ ಮುಟ್ಟಬೇಡಿ. ಹಡಗಿನವರೇ ಮಾರುವ ಪ್ರವಾಸದ ದರ ಹೆಚ್ಚು, ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದು. ಸ್ವಂತ ಟ್ಯಾಕ್ಸಿಯಲ್ಲಿ ಹೋಗಿ ತಡಮಾಡಿದವರಿಗೆ ಕಾಯುವುದಿಲ್ಲ. ಮುಂದಿನ ಬಂದರಿಗೆ ವಿಮಾನದ ಖರ್ಚು ನಿಮ್ಮದೇ. ದೂರದ ಜಾಗಕ್ಕೆ ಹಡಗಿನ ಪ್ರವಾಸ, ಹತ್ತಿರದ್ದಕ್ಕೆ ಸ್ವಂತ ಟ್ಯಾಕ್ಸಿ: ನಾನು ಹೀಗೆ ಭಾಗ ಮಾಡುತ್ತೇನೆ.

ಯಾವ ದಡಕ್ಕೆ ಹೋಗಬೇಕೆಂಬುದನ್ನು ಗಾಳಿ ನೋಡಿ ತೀರ್ಮಾನಿಸಬೇಕು. ಇದನ್ನು ಕಾರವಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಂದರು ಬೈತಖೋಲ ಗುಡ್ಡದ ಮರೆಯಲ್ಲಿದೆ, ಎದುರಿಗೆ ಕೂರ್ಮಗಡ, ದೇವಗಡದಂಥ ದ್ವೀಪಗಳಿವೆ. ಮಳೆಗಾಲದಲ್ಲಿ ದೋಣಿಗಳು ಓಡಿ ಬಂದು ನಿಲ್ಲುವುದು ಇಲ್ಲಿಗೇ. ನಮಗೆ ಗಾಳಿ ಪಡುವಣದಿಂದ, ಕೆರಿಬಿಯನ್‌ನಲ್ಲಿ ಮೂಡಣದಿಂದ. ಅದಕ್ಕೇ ಕೊಝುಮೆಲ್‌ನ ಹಡಗುಕಟ್ಟೆ, ಹವಳದ ದಿಬ್ಬ, ಈಜುವ ಮರಳು ಎಲ್ಲ ಪಶ್ಚಿಮಕ್ಕಿವೆ. ಪೂರ್ವದ ದಡ ಫೋಟೊದಲ್ಲಿ ಖಾಲಿಯಾಗಿ, ಇನ್ನೂ ಚೆಂದ ಕಾಣುತ್ತದೆ. ಅಲ್ಲಿ ಕೂತು ತಿಂಡಿ ತಿನ್ನಿ, ನೀರಿಗೆ ಮಾತ್ರ ಇಳಿಯಬೇಡಿ. ಗೋಕರ್ಣದಲ್ಲಿ ಜನರನ್ನು ಒಳಗೆಳೆಯುವಂಥದೇ ಸೆಳೆತ ಅಲ್ಲಿಯೂ ಇದೆ.

ಕೊಝುಮೆಲ್‌ನ ನಿಜವಾದ ಸಂಪತ್ತು ನೀರಿನ ಕೆಳಗಿದೆ. ಹವಳದ ದಿಬ್ಬಗಳು 1996ರಿಂದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ನೀರು ಸದಾ ಹರಿಯುತ್ತಿರುವುದರಿಂದ ಡೈವ್ ಮಾಡುವವರು (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಗೆ ಇಳಿಯುವವರು) ಹರಿವಿನ ಜೊತೆ ತೇಲುತ್ತ ಹೋಗುತ್ತಾರೆ, ದೋಣಿ ಮೇಲಿಂದ ಹಿಂಬಾಲಿಸುತ್ತದೆ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ಹತ್ತು ಮೀಟರಿಗೇ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ನೆಗಡಿಯಾಗಿ ಕಿವಿಯ ಒತ್ತಡ ಸರಿದೂಗದಿದ್ದರೆ ಇಳಿಯಲೇಬೇಡಿ. ಆಸ್ತಮಾ, ಹೃದಯದ ತೊಂದರೆ, ಬಿಪಿ ಇದ್ದರೆ ಡೈವ್‌ಗೆ ಮೊದಲು ತುಂಬುವ ಅರ್ಜಿಯಲ್ಲಿ ಮುಚ್ಚಿಡಬೇಡಿ. ಅರವತ್ತು ದಾಟಿದವರಿಗೆ ನಾನು ಸೂಚಿಸುವುದು ಸ್ನಾರ್ಕೆಲಿಂಗ್: ಲೈಫ್ ಜಾಕೆಟ್ ತೊಟ್ಟು ಮುಖ ಮಾತ್ರ ನೀರಿಗಿಟ್ಟು ತೇಲುವುದು. ಈಜಲು ಬಾರದ ಅಜ್ಜಿಯೂ ಮೀನು ನೋಡಿ ಬರಬಹುದು. ತುಂಬು ತೋಳಿನ ಬನಿಯನ್ ಹಾಕಿಕೊಳ್ಳಿ. ಸುಡುವುದು ಮುಖವಲ್ಲ, ಬೆನ್ನು. ಹವಳಕ್ಕೆ ಹಾನಿ ಎಂದು ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯುವುದು ಅಲ್ಲಿ ಒಪ್ಪಿತವಲ್ಲ, ಬನಿಯನ್ ಇದ್ದರೆ ಅದರ ಗೊಡವೆಯೂ ಇಲ್ಲ.

ಅದೇ ವಾರದಲ್ಲಿ ಹಲವು ಹಡಗುಗಳು ಗ್ರ್ಯಾಂಡ್ ಕೇಮನ್ ದ್ವೀಪಕ್ಕೂ ಹೋಗುತ್ತವೆ. ಅಲ್ಲಿ ದೊಡ್ಡ ಹಡಗಿಗೆ ಕಟ್ಟೆಯಿಲ್ಲ. ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಮೊಣಕಾಲು ನೋವಿನವರು ಇದನ್ನು ಮೊದಲೇ ತಿಳಿದಿರಬೇಕು. ಅಲೆ ಎದ್ದರೆ ಆ ನಿಲುಗಡೆಯೇ ರದ್ದಾಗುವುದೂ ಉಂಟು. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಸೊಂಟಮಟ್ಟದ ನೀರಿನ ಮರಳುದಿಬ್ಬದಲ್ಲಿ ತೊರಕೆ ಮೀನುಗಳ ನಡುವೆ ನಿಲ್ಲುವುದು ಅಲ್ಲಿನ ಆಕರ್ಷಣೆ. ಬಾಲದ ಮುಳ್ಳಿನ ರುಚಿ ಕಂಡ ನಮ್ಮ ಮೀನುಗಾರರು ಇದನ್ನು ಕೇಳಿ ನಗುತ್ತಾರೆ. ಹೆಜ್ಜೆ ಎತ್ತಿ ಇಡದೆ ಕಾಲನ್ನು ಮರಳಿನಲ್ಲಿ ಎಳೆದು ನಡೆದರೆ ಮೀನೇ ಸರಿದುಕೊಳ್ಳುತ್ತದೆ.

ಮಧ್ಯಾಹ್ನದ ನಂತರ ಏನೂ ಮಾಡಬೇಡಿ. ಇದನ್ನೇ ಒಪ್ಪಿಸುವುದು ಕಷ್ಟ. ಮನೆಯಲ್ಲಿ ಅಪ್ಪೆಹುಳಿ ಉಂಡು ಅಂಗಾತ ಮಲಗುವವರೂ ದ್ವೀಪದಲ್ಲಿ ಅಂಗಡಿ ಸುತ್ತುತ್ತಾರೆ. ಬಂದರಿನ ಪಕ್ಕದ ವಜ್ರ, ವಾಚಿನ ಅಂಗಡಿಗಳ ಹೊಳಪು ಎಲ್ಲ ಬಂದರಿನಲ್ಲೂ ಒಂದೇ. ನೆರಳಿನ ಕುರ್ಚಿ ಹಿಡಿದು ಕೂರಿ.

ಹೋಗುವ ಮೊದಲು ಇಲ್ಲೇ ಒಮ್ಮೆ ನೀರಿಗಿಳಿದು ನೋಡಿ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು ತಾಸಿನ ಮೇಲೆ. ಮಳೆಗಾಲದಲ್ಲಿ ಬಂದ್, ಅಕ್ಟೋಬರ್‌ನಿಂದ ಮೇ ನಡುವೆ ಹೋಗಬಹುದು. ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ, ಗಾಳಿ ಏಳುವ ಮುಂಚೆ ಕೆಲಸ ಮುಗಿಯಬೇಕು. ಸ್ನಾರ್ಕೆಲಿಂಗ್‌ನ ಮುಖವಾಡ ಹಾಕಿದಾಗ ಉಸಿರು ಕಟ್ಟಿದಂತಾಗುತ್ತದೋ, ದೋಣಿಯಲ್ಲಿ ವಾಂತಿ ಬರುತ್ತದೋ ಇಲ್ಲೇ ಗೊತ್ತಾಗುತ್ತದೆ. ಬಂದರೆ ವಾಂತಿ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿ ಇಲ್ಲಿಂದಲೇ ಒಯ್ಯಿರಿ.