ಡೀಸೆಲ್ ವ್ಯಾನಿನ ಫ್ಯಾನು ಯಾವಾಗ ತಿರುಗಬೇಕು, ಯಾವಾಗ ಸುಮ್ಮನಿರಬೇಕು

ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿ 48ರ ಮೇಲೆ ಓಡಿಬಂದು ದಾವಣಗೆರೆಯಲ್ಲಿ ನಿಂತ ವ್ಯಾನಿನ ಫ್ಯಾನು, ಕೀ ತೆಗೆದ ಮೇಲೂ ಜೋರಾಗಿ ತಿರುಗುತ್ತಿರುತ್ತದೆ. ಏನೋ ಕೆಟ್ಟಿತೆಂದು ಹೆದರಿ ಬ್ಯಾಟರಿ ವೈರು ಕೀಳುವವರಿದ್ದಾರೆ. ಅದೇ ವ್ಯಾನು ಹಿರಿಯೂರು ದಾಟಿ ಚಿತ್ರದುರ್ಗದ ಏರಿನಲ್ಲಿ 70 ಕಿ.ಮೀ. ವೇಗದಲ್ಲಿರುವಾಗ ಹೀಟ್ ಆದರೆ ಹೊಸ ಫ್ಯಾನು ಹಾಕಿಸುವವರೂ ಇದ್ದಾರೆ. ಮೊದಲನೆಯದು ಬಹುಪಾಲು ಆರೋಗ್ಯದ ಲಕ್ಷಣ. ಎರಡನೆಯದರಲ್ಲಿ ಫ್ಯಾನಿನ ತಪ್ಪು ಇರುವುದು ಅಪರೂಪ. ಫ್ಯಾನು ತಿರುಗುವ ಹೊತ್ತನ್ನು ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಅರ್ಧಕ್ಕರ್ಧ ಗೊತ್ತಾಗುತ್ತದೆ.

ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ (ಕಾವಿಗೆ ತಾನೇ ತೆರೆಯುವ ಕವಾಟ) ಮುಚ್ಚಿರುತ್ತದೆ; ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಎಂಜಿನ್ನಿನೊಳಗೇ ಸುತ್ತುತ್ತದೆ. ಸುಮಾರು 82ರಿಂದ 88 ಡಿಗ್ರಿಗೆ ಅದು ತೆರೆಯತೊಡಗಿ, ಬಿಸಿ ಕೂಲಂಟ್ ರೇಡಿಯೇಟರಿಗೆ ಹರಿಯುತ್ತದೆ. ಅಲ್ಲಿಂದ ಮುಂದಿನ ಕೆಲಸ ಗಾಳಿಯದು. ವ್ಯಾನು 50-60 ಕಿ.ಮೀ. ವೇಗ ದಾಟಿದರೆ ಎದುರು ಗಾಳಿಯೇ ಸಾಮಾನ್ಯವಾಗಿ ಸಾಕು. ನಿಂತಾಗ, ಟೋಲ್ ಸಾಲಿನಲ್ಲಿ ತೆವಳುವಾಗ ಮಾತ್ರ ಫ್ಯಾನು ಆ ಗಾಳಿಯನ್ನು ಎಳೆದು ಕೊಡಬೇಕು.

ಎಲೆಕ್ಟ್ರಿಕ್ ಫ್ಯಾನಿನಲ್ಲಿ ಹೆಚ್ಚಾಗಿ ಎರಡು ವೇಗ. ಗಾಡಿಯಿಂದ ಗಾಡಿಗೆ ಅಂಕಿ ಬದಲಾದರೂ, ಕಡಿಮೆ ವೇಗ 95-98 ಡಿಗ್ರಿಗೆ, ಪೂರ್ತಿ ವೇಗ 102-105ಕ್ಕೆ ಶುರುವಾಗುವುದು ಸಾಮಾನ್ಯ. ಎಸಿ ಹಾಕಿದಾಗ ಎಂಜಿನ್ ತಣ್ಣಗಿದ್ದರೂ ಫ್ಯಾನು ತಿರುಗುತ್ತದೆ, ಏಕೆಂದರೆ ರೇಡಿಯೇಟರಿನ ಮುಂದಿರುವ, ಎಸಿಯ ಕಾವು ಹೊರಹಾಕುವ ಕಂಡೆನ್ಸರಿಗೂ ಗಾಳಿ ಬೇಕು. ಡೀಸೆಲ್ ಎಂಜಿನ್ ಐಡಲಿನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಬಹಳ ಕಡಿಮೆ ಇಂಧನ ಸುಡುವುದರಿಂದ, ಎಸಿ ಇಲ್ಲದೆ ಅರ್ಧ ಗಂಟೆ ನಿಲ್ಲಿಸಿದರೂ ಫ್ಯಾನು ಶುರುವಾಗದಿರಬಹುದು. ಇದು ದೋಷವಲ್ಲ.

ಕೀ ತೆಗೆದ ಮೇಲೆ ತಿರುಗುವುದಕ್ಕೂ ಕಾರಣವಿದೆ. ಎಂಜಿನ್ ನಿಂತೊಡನೆ ವಾಟರ್ ಪಂಪ್ ನಿಲ್ಲುತ್ತದೆ, ಆದರೆ ಹೆಡ್ಡು, ಟರ್ಬೊಗಳ ಕಾವು ನಿಂತ ಕೂಲಂಟಿಗೆ ಇಳಿಯುತ್ತಲೇ ಇರುತ್ತದೆ. ಅದಕ್ಕೆ ಫ್ಯಾನು ಕೆಲವು ನಿಮಿಷ ಓಡುತ್ತದೆ. ಹತ್ತು ನಿಮಿಷ ಮೀರಿದರೆ ರಿಲೇ (ಫ್ಯಾನಿಗೆ ಕರೆಂಟು ಕೊಡುವ ವಿದ್ಯುತ್ ಸ್ವಿಚ್ಚು) ಅಂಟಿಕೊಂಡಿದೆಯೇ ನೋಡಿ. 20-30 ಆಂಪಿಯರ್ ಎಳೆಯುವ ಮೋಟಾರು ರಾತ್ರಿಯಿಡೀ ಓಡಿದರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ತಣ್ಣಗಿನ ಎಂಜಿನ್ನಿನಲ್ಲೂ ಕೀ ಹಾಕಿದ ಕೂಡಲೇ ಪೂರ್ತಿ ವೇಗದಲ್ಲಿ ತಿರುಗಿದರೆ ಟೆಂಪರೇಚರ್ ಸೆನ್ಸರನ್ನು ಅನುಮಾನಿಸಿ. ಸೆನ್ಸರಿನ ಲೆಕ್ಕ ಸಿಗದಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್ ಉಳಿಸಲೆಂದು ಫ್ಯಾನನ್ನು ಪೂರ್ತಿ ಓಡಿಸುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ವ್ಯಾನುಗಳಲ್ಲಿ ಇನ್ನೊಂದು ಸಂದರ್ಭವಿದೆ. ಸೈಲೆನ್ಸರ್ ಸಾಲಿನ ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ತುಂಬಿದಾಗ ಎಂಜಿನ್ ಅದರೊಳಗಿನ ಮಸಿಯನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ಸುಡುತ್ತದೆ. ಆಗ ಐಡಲ್ ಸ್ವಲ್ಪ ಏರುತ್ತದೆ, ಸುಟ್ಟ ವಾಸನೆ ಬರುತ್ತದೆ, ಫ್ಯಾನು ಜೋರಾಗುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸದೆ ಇನ್ನೊಂದು ಹತ್ತು-ಹದಿನೈದು ನಿಮಿಷ ಓಡಿಸಿ. ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಲೇಬೇಡಿ.

ಹಳೆಯ ವ್ಯಾನು, ಪಿಕಪ್ಪುಗಳಲ್ಲಿ ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನು. ಅದರ ಕ್ಲಚ್ಚಿನೊಳಗೆ ಸಿಲಿಕೋನ್ ಎಣ್ಣೆ, ಮುಖದ ಮೇಲೆ ಬೈಮೆಟಲ್ (ಕಾವಿಗೆ ಬಾಗುವ ಎರಡು ಲೋಹದ) ಸುರುಳಿ. ರೇಡಿಯೇಟರ್ ದಾಟಿ ಬರುವ ಗಾಳಿ 60-75 ಡಿಗ್ರಿ ಆದಾಗ ಸುರುಳಿ ಹೊರಳಿ ಕವಾಟ ತೆರೆಯುತ್ತದೆ, ಎಣ್ಣೆ ಹರಿದು ಕ್ಲಚ್ಚು ಹಿಡಿಯುತ್ತದೆ. ಇಷ್ಟೆಲ್ಲ ಏಕೆ ಎಂದರೆ, ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಶಕ್ತಿ ಎಂಟು ಪಟ್ಟಾಗುತ್ತದೆ. ಬೇಡದಾಗ ಬಿಡಿಸಿಟ್ಟಷ್ಟೂ ಡೀಸೆಲ್ ಉಳಿತಾಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಸ್ವಲ್ಪ ಹೊತ್ತು ಮೊರೆದು ಸುಮ್ಮನಾದರೆ ಸರಿಯಾಗಿದೆ: ರಾತ್ರಿ ಇಳಿದು ನಿಂತಿದ್ದ ಎಣ್ಣೆ ವಾಪಸ್ ಹೋಗುವವರೆಗಿನ ಸದ್ದು ಅದು. ಯಾವಾಗಲೂ ಮೊರೆಯುತ್ತಿದ್ದರೆ ಕ್ಲಚ್ಚು ಜಾಮ್ ಆಗಿದೆ. ಎಂಜಿನ್ ನಿಲ್ಲಿಸಿ ಕೀ ತೆಗೆದು, ಬಿಸಿ ಇರುವಾಗಲೇ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ, ಬಿಗಿ ಇರಬೇಕು. ಹಿಡಿತವೇ ಇಲ್ಲದೆ ಮೂರ್ನಾಲ್ಕು ಸುತ್ತು ತಿರುಗಿದರೆ, ಬೇರಿಂಗಿನ ಸುತ್ತ ಎಣ್ಣೆಯ ಜಿಡ್ಡು ಕಂಡರೆ, ಹೊಸ ಕ್ಲಚ್ಚೇ ಬೇಕು. ಈ ಪರೀಕ್ಷೆ ಎಲೆಕ್ಟ್ರಿಕ್ ಫ್ಯಾನಿಗೆ ಸಲ್ಲದು. ಅದು ಕೀ ಇಲ್ಲದೆಯೂ ಹಠಾತ್ತನೆ ತಿರುಗಿ ಬೆರಳು ತೆಗೆಯಬಲ್ಲದು.

ಈಗ ಮುಖ್ಯ ವಿಚಾರ. ನಿಂತಾಗ ಹೀಟ್ ಆಗಿ, ಓಡುವಾಗ ಇಳಿದರೆ ಫ್ಯಾನಿನ ಕಡೆ ನೋಡಿ: ಫ್ಯೂಸು, ರಿಲೇ, ಕರಗಿದ ಕನೆಕ್ಟರ್, ಮೋಟಾರು. ಕಡಿಮೆ ವೇಗವಿಲ್ಲದೆ ಪೂರ್ತಿ ವೇಗ ಮಾತ್ರ ಇದ್ದರೆ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ಮೋಟಾರು ಹಾಕಿಸಿದ್ದರೆ ಗ್ರಿಲ್ಲಿಗೆ ಒಂದು ಹಾಳೆ ಹಿಡಿಯಿರಿ. ರೇಡಿಯೇಟರಿನ ಹಿಂದೆ ಫ್ಯಾನಿರುವ ಗಾಡಿಯಲ್ಲಿ ಅದು ಒಳಗೆಳೆದು ಅಂಟಬೇಕು. ಹೊರಗೆ ಹಾರಿದರೆ ವೈರು ಉಲ್ಟಾ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಷ್ರೌಡ್ ಒಡೆದಿದ್ದರೆ ಅದೂ ಸಣ್ಣ ಸಂಗತಿಯಲ್ಲ, ಫ್ಯಾನು ಎಳೆದ ಗಾಳಿ ರೇಡಿಯೇಟರ್ ದಾಟದೆ ಅಕ್ಕಪಕ್ಕದಿಂದ ಸುತ್ತಿ ಬರುತ್ತದೆ. ಓಡುವಾಗ, ಏರಿನಲ್ಲಿ, ಲೋಡಿನಲ್ಲಿ ಹೀಟ್ ಆದರೆ ಕಟ್ಟಿದ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್, ಕೊನೆಗೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲು) ಅನುಮಾನಿಸಿ.

ರೇಡಿಯೇಟರ್ ಕಟ್ಟಲು ನಮ್ಮ ಸೀಮೆಯಲ್ಲಿ ಕಾರಣಗಳು ಬೇಕಾದಷ್ಟಿವೆ. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಒಕ್ಕಣೆ ನಡೆಯುವಾಗ ರಸ್ತೆಯ ಮೇಲೆಲ್ಲ ಸಿಪ್ಪೆ, ಹೊಟ್ಟು. ಅದು ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ; ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಂಜಿನ್ ತಣಿದ ಮೇಲೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರು ಬಿಡಬೇಕು. ವಾಟರ್ ಸರ್ವಿಸ್ ಗನ್ನನ್ನು ಹತ್ತಿರ ಹಿಡಿದರೆ ಫಿನ್ನುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಒಳಗಿನಿಂದ ಕಟ್ಟಿಸುವುದು ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ಕೊಳವೆಯೊಳಗೆ ಪದರುಗಟ್ಟುತ್ತದೆ, ಆಮೇಲೆ ಫ್ಯಾನು ಎಷ್ಟು ತಿರುಗಿದರೂ ಶಾಖ ಹೊರಬರದು. ಡಿಸ್ಟಿಲ್ಡ್ ವಾಟರ್, ಕೂಲಂಟ್ ಅರ್ಧರ್ಧ ಹಾಕಿ. ರೇಡಿಯೇಟರಿನ ಮುಚ್ಚಳವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಚಿತ್ರದುರ್ಗದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯೊಳಗೇ ಕುದಿಯುತ್ತದೆ. 1 ಬಾರ್ ಒತ್ತಡ ತಡೆಯುವ ಮುಚ್ಚಳ ಆ ಮಿತಿಯನ್ನು ಸುಮಾರು 20 ಡಿಗ್ರಿ ಮೇಲೆತ್ತುತ್ತದೆ. ವಾಷರ್ ಹೋದ ಮುಚ್ಚಳ, ಒಳಗೆ ಬರೀ ನೀರು ಇದ್ದರೆ, ಫ್ಯಾನು ಪೂರ್ತಿ ವೇಗಕ್ಕೆ ಬರುವ ಮೊದಲೇ ನೀರು ಕುದಿದು ಹೊರಚೆಲ್ಲುತ್ತದೆ. ಬೈಗುಳ ಮಾತ್ರ ಫ್ಯಾನಿಗೆ!

ಡ್ಯಾಷ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಈಚಿನ ಅನೇಕ ಗಾಡಿಗಳಲ್ಲಿ 80ರಿಂದ 100 ಡಿಗ್ರಿ ದಾಟುವವರೆಗೂ ಅದು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ಗಾಡಿಯ ದೋಷ ಪತ್ತೆಯ) ಸಾಕೆಟ್ಟಿಗೆ ಬ್ಲೂಟೂತ್ ರೀಡರ್ ಸಿಕ್ಕಿಸಿದರೆ ನಿಜವಾದ ಡಿಗ್ರಿ ಮೊಬೈಲಿನಲ್ಲೇ ಕಾಣುತ್ತದೆ.

ಟೆಂಪೊ ಟ್ರಾವೆಲರ್ ತರಹದ ವ್ಯಾನನ್ನು ಕ್ಯಾರವಾನ್ ಮಾಡಿಸಿದವರು ಇನ್ನೆರಡು ನೋಡಬೇಕು. ಮುಂದೆ ಕಟ್ಟುವ ಕ್ರ್ಯಾಷ್ ಗಾರ್ಡ್, ಹೆಚ್ಚುವರಿ ಲೈಟು, ಲಗೇಜು ಗ್ರಿಲ್ಲಿನ ಗಾಳಿ ತಡೆಯಬಾರದು. ಮತ್ತೆ, ಜೂನ್-ಜುಲೈನಲ್ಲಿ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರ ತಿರುಗಿಸುವ ಆ ಪಶ್ಚಿಮದ ಗಾಳಿ ಬೀಸುವಾಗ ಎಂಜಿನ್ ಓಡಿಸಿ ಎಸಿ ಹಾಕಿಕೊಂಡು ನಿಲ್ಲುವುದಾದರೆ ಮೂತಿಯನ್ನು ಗಾಳಿಗೆ ಎದುರಾಗಿಡಿ. ಬೆನ್ನಿಗೆ ಗಾಳಿ ಬಿದ್ದರೆ ಫ್ಯಾನು ಅದರ ವಿರುದ್ಧ ದುಡಿಯಬೇಕಾಗುತ್ತದೆ.

ದಾರಿಯಲ್ಲಿ ಕಾವು ಏರತೊಡಗಿದರೆ ಮೊದಲು ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಇಡಿ. ಒಳಗೆ ಸೆಕೆಯಾದರೂ ಅದೊಂದು ಸಣ್ಣ ರೇಡಿಯೇಟರಿನ ಕೆಲಸ ಮಾಡುತ್ತದೆ. ಗೇರು ಇಳಿಸಿ, ಆಕ್ಸಿಲರೇಟರ್ ಹಗುರ ಮಾಡಿ. ಮುಳ್ಳು ಕೆಂಪಿಗೆ ಮುಟ್ಟಿದರೆ ಅಥವಾ ಕೂಲಂಟ್ ಸೋರುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಮುಚ್ಚಳ ಬಿಚ್ಚುವುದು ಕನಿಷ್ಠ ಅರ್ಧ ಗಂಟೆ ಕಳೆದು, ಮೇಲಿನ ಹೋಸು ಕೈಯಲ್ಲಿ ಹಿಡಿಯುವಷ್ಟು ತಣಿದು ಮೆತ್ತಗಾದ ಮೇಲೆ, ದಪ್ಪ ಬಟ್ಟೆ ಹಾಕಿ, ನಿಧಾನವಾಗಿ.